ನೊಹೋರಾಳ ಮೀನಿನ ಬೆನ್ನುಮೂಳೆ

ಸಮುದ್ರದ ಮೀನುಪುಡಿ ಬಿಟ್ಟು ಬರೀ ಸೋಯಾ, ಜೋಳ, ಮರಗೆಣಸಿನ ಮೇಲೆ ಕೆಂಪು ಮೊಹಾರಾ ಮೀನು ಬೆಳೆಸುತ್ತೇನೆ ಎಂದು ನೊಹೋರಾ ಹೇಳಿದಾಗ ಯಾಗ್ವಾರಾ ಊರಿನಲ್ಲಿ ನಗದವರಿರಲಿಲ್ಲ. ಆದರೂ ಮೀನು ಸಾಕುವವರ ಸಂಘ ತನ್ನ ಮೇವಿನ ಗಿರಣಿಯನ್ನು ಅವಳ ಕೈಗೆ ಕೊಟ್ಟಿತು. ಮೊದಲ ಬೆಳೆಯಲ್ಲಿ ನಕ್ಕವರೇ ಗೆದ್ದರು. ಜಲಾಶಯದ ಬಲೆಗೂಡುಗಳಿಂದ ಎತ್ತಿದ ಮೀನು ಅರ್ಧಕ್ಕರ್ಧ ಗೂನುಬೆನ್ನಿನವು. ಕಾಳಿನೊಳಗಿನ ರಂಜಕ ಮೀನಿಗೆ ದಕ್ಕದೆ ಮೂಳೆ ಮೆತ್ತಗಾಗಿತ್ತು. ಅದನ್ನು ಬಿಡಿಸಿಕೊಡುವ ಕಿಣ್ವದ ಪುಡಿಯನ್ನು ಅವಳು ಹಿಟ್ಟಿಗೆ ಬೆರೆಸಿರಲಿಲ್ಲವೇ? ಬೆರೆಸಿದ್ದಳು, ಚಿಟಿಕೆಯೂ ಕಡಿಮೆ ಮಾಡದೆ.

ಸಂಘದ ಅಧ್ಯಕ್ಷ ಅನೀಬಲ್ ಕಡ್ಡಿ ಮುರಿದಂತೆ ಹೇಳಿದ. “ಇನ್ನೊಂದೇ ಬೆಳೆ ನೋಡ್ತೀವಿ ತಾಯಿ. ಮತ್ತೆ ಹಿಂಗೇ ಆದ್ರೆ ಗಿರಣಿಗೆ ಬೀಗ.”

ಮನೆಗೆ ಬಂದರೆ ಅಲ್ಲಿ ಅತ್ತೆ ಎದೆಲ್ಮೀರಾ. ಮದುವೆಯಾಗಿ ಇಷ್ಟು ವರ್ಷವಾದರೂ ನಾಲ್ಕು ಜನರೆದುರು ಆ ಮುದುಕಿ ಅವಳನ್ನು ‘ನನ್ನ ಮಗನ ಹೆಂಡ್ತಿ’ ಎನ್ನುತ್ತಿದ್ದಳೇ ಹೊರತು ಸೊಸೆ ಎಂದವಳಲ್ಲ. ಒಲೆಯ ಮೇಲೆ ಚೀಸಿಗೆಂದು ಹಾಲು ಕುದಿಯುತ್ತಿತ್ತು. ನೊಹೋರಾ ಯಾವುದೋ ಗ್ಯಾನದಲ್ಲಿ ಹೆಪ್ಪಿನ ಬಟ್ಟಲನ್ನು ಅದಕ್ಕೇ ಬಗ್ಗಿಸಹೋದಳು. ಅತ್ತೆ ಅವಳ ಕೈಗೆ ಚಟ್ಟನೆ ಹೊಡೆದಳು.

“ಕುದಿಯೋ ಹಾಲಿಗೆ ಹೆಪ್ಪು ಹಾಕ್ತಾರೇನೇ? ಸತ್ತೇ ಹೋಗುತ್ತೆ ಅದು. ಮೀನಿನ ಬೆನ್ನು ಬಗ್ಗಿಸಿದ್ದು ಸಾಲ್ದು ಅಂತ ನನ್ನ ಚೀಸೂ ಕೆಡಿಸ್ತೀಯಾ?”

ಬೈಗುಳದ ಅರ್ಧ ನೊಹೋರಾಳಿಗೆ ಕೇಳಿಸಲೇ ಇಲ್ಲ. ಗಿರಣಿಯ ಯಂತ್ರ ಹಿಟ್ಟನ್ನು ಉಗಿಯಲ್ಲಿ ಬೇಯಿಸಿಯೇ ಉಂಡೆ ಕಟ್ಟುವುದು. ಆ ಬಿಸಿಗೆ ಕಿಣ್ವ ಉಳಿದೀತೇ? ತಾನೇ ಕೈಯಾರೆ ಅದನ್ನು ಬೇಯಿಸಿ ಕೊಂದಿದ್ದಳು.

“ಅತ್ತೆ, ನಿಮ್ಮ ಬಾಯಿಗೆ ಸಕ್ಕರೆ ಹಾಕ್ಬೇಕು.”

“ಬೈದಿದ್ದಕ್ಕಾ? ಹಂಗಾದ್ರೆ ಮೂಟೆಗಟ್ಲೆ ಬೇಕಾಗುತ್ತೆ ಬಿಡು.”

ಮುಂದಿನ ಬೆಳೆಗೆ ಅವಳು ಉಂಡೆಗಳನ್ನು ಹರವಿ ಪೂರ್ತಿ ಆರಲು ಬಿಟ್ಟಳು. ಹೆಪ್ಪು ಹಾಕುವ ಮುಂಚೆ ಹಾಲು ನೋಡುವಂತೆ ಮುಂಗೈ ತಾಗಿಸಿ ನೋಡಿದಳು. ಆಮೇಲೇ ನೀರಲ್ಲಿ ಕದಡಿದ ಕಿಣ್ವವನ್ನು ಸಿಂಪಡಿಸಿ, ಮೇಲೊಂದು ಪದರ ಎಣ್ಣೆ ಹಚ್ಚಿದಳು. ಕೆಲಸದವರು ಮುಖ ಮುಖ ನೋಡಿಕೊಂಡರು. ನೋಡಿಕೊಳ್ಳಲಿ ಎಂದು ಅವಳು ಮುಂದಿನ ರಾಶಿ ಹರವಿದಳು.

ಮೀನು ಹಿಡಿದ ದಿನ ಇಡೀ ಸಂಘ ದಡದಲ್ಲಿ ಸೇರಿತು. ಎದೆಲ್ಮೀರಾ ಮೊದಲ ಮೀನುಗಳನ್ನು ಹುರಿದು, ಕರಿದ ಬಾಳೆಕಾಯಿಯ ಜೊತೆ ಅನೀಬಲನ ಮುಂದಿಟ್ಟಳು. ಅವನು ಕೈ ಹಾಕುವ ಮೊದಲೇ ಒಂದು ಮೀನಿನ ತಲೆ ಹಿಡಿದು ಎಳೆದಳು. ಬಾಲದವರೆಗೆ ಮೂಳೆ ಇಡಿಯಾಗಿ ಬಂತು, ನೂಲು ಹಿಡಿದಂತೆ ನೆಟ್ಟಗೆ.

“ಇನ್ನೊಂದು ತೆಗೀರಿ ನೋಡೋಣ,” ಎಂದ ಅನೀಬಲ್. ಅದೂ ನೆಟ್ಟಗಿತ್ತು. ಮತ್ತೊಂದೂ.

ಅವನು ಜೇಬಿನಿಂದ ಹೊಸ ಬೀಗವೊಂದನ್ನು ತೆಗೆದು ಮೇಜಿನ ಮೇಲಿಟ್ಟ. “ಇದು ನನ್ನ ಕೋಳಿಗೂಡಿಗೆ ಆಗುತ್ತೆ ಬಿಡಿ. ಯಾವ ಇಂಜಿನಿಯರ್ ಹೇಳ್ಕೊಟ್ಟ ತಾಯಿ?”

“ನಮ್ಮತ್ತೆ,” ಎಂದಳು ನೊಹೋರಾ.

ಎಲ್ಲರೂ ಮುದುಕಿಯತ್ತ ತಿರುಗಿದರು. ಅವಳು ಎಣ್ಣೆಗೈಯನ್ನು ಏಪ್ರನ್ನಿಗೆ ಒರೆಸಿಕೊಂಡು, ಮೂಳೆಯನ್ನು ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದಳು.

“ನಾನೆಲ್ಲಿ ಹೇಳ್ಕೊಟ್ಟೆ? ನಾನು ಬೈದೆ ಅಷ್ಟೆ. ಕಲ್ತಿದ್ದು ನನ್ನ ಸೊಸೆ.”