ಪಂಕಜಾಕ್ಷಿ ಇದ್ದಳು

ತನ್ನ ಬೊಜ್ಜದ, ಅಂದರೆ ಉತ್ತರಕ್ರಿಯೆಯ, ಊಟ ಊರವರೆಲ್ಲ ಉಂಡು ಕೈ ತೊಳೆದ ಎರಡು ವರ್ಷಕ್ಕೆ ಸರಿಯಾಗಿ, ವೈಕುಂಠ ಸಾಲಿಗ್ರಾಮದಲ್ಲಿ ಬಸ್ಸಿಳಿದು ಚೀಲ ಹೆಗಲಿಗೇರಿಸಿ ನೆಟ್ಟಗೆ ಮನೆಗೆ ನಡೆದು ಬಂದ.

ಅಣ್ಣ ಪ್ರೇಮಾನಂದನ ಹತ್ತಿರ ಜಗಳವಾಡಿ ಹೋದವನು ಹನ್ನೆರಡು ವರ್ಷ ಪತ್ತೆಯಿರಲಿಲ್ಲ. ಇನ್ನು ಬರುವವನಲ್ಲ ಎಂದು ಮನೆಯವರು ದರ್ಭೆಯ ಗೊಂಬೆ ಮಾಡಿ ಸುಟ್ಟು, ಉತ್ತರಕ್ರಿಯೆ ಮುಗಿಸಿ, ಅವನ ಹೆಂಡತಿ ಪಂಕಜಾಕ್ಷಿಯ ಕರಿಮಣಿ ತೆಗೆಸಿದ್ದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎನ್ನುತ್ತಾರಲ್ಲ, ಹಾಗೆ. ಈ ಮಹಾರಾಯ ಅಷ್ಟೂ ಕಾಲ ಹರಿದ್ವಾರದ ಯಾವುದೋ ಛತ್ರದಲ್ಲಿ ಅನ್ನ ಬೇಯಿಸಿಕೊಂಡು ಆರಾಮಾಗಿದ್ದನಂತೆ. ಒಂದು ಫೋನು ಮಾಡಿದರೆ ಗಂಟು ಹೋಗುತ್ತಿತ್ತೇ?

ಪುರೋಹಿತ ಹೃಷಿಕೇಶ ಭಟ್ಟರನ್ನು ಕರೆಸಿದರು. ಬೊಜ್ಜವಾದವನು ಉಸಿರಾಡುತ್ತಿದ್ದರೂ ಬದುಕಿದ ಹಾಗಲ್ಲ ಎಂದರು ಅವರು. ತುಪ್ಪದಲ್ಲಿ ಮಿಂದು ಮತ್ತೆ ಹುಟ್ಟಬೇಕು. ಜಾತಕರ್ಮ, ನಾಮಕರಣ, ಉಪನಯನ ಎಲ್ಲ ಆಗಿ ಅದೇ ಹೆಂಡತಿಯನ್ನು ಮತ್ತೆ ಮದುವೆಯಾಗಬೇಕು. ಅಲ್ಲಿಯವರೆಗೆ ಜಗಲಿಯಲ್ಲೇ ವಾಸ. ವೈಕುಂಠ ಬೆಪ್ಪಾಗಿ ತನ್ನ ತೋಳನ್ನು ತಾನೇ ಚಿವುಟಿ ನೋಡಿಕೊಂಡ. ನೋವೇನೋ ಆಯಿತು, ಪಾಪ, ಆದರೆ ಭಟ್ಟರಿಗೆ ಅದು ಸಾಕ್ಷಿಯಾಗಲಿಲ್ಲ.

ಮುಹೂರ್ತ ಗೊತ್ತಾಯಿತು. ಓರಗಿತ್ತಿ ಗಿರಿಜಾ ಕೆಂಪು ಸೀರೆ, ಬಳೆ ತಂದು ಪಂಕಜಾಕ್ಷಿಯ ಮಡಿಲಿಗೆ ಹಾಕಿ, ಇವತ್ತಿಗೆ ನಿನ್ನ ಗ್ರಹಚಾರ ಕಳೆಯಿತು ಎಂದಳು. ಕೇರಿಯೆಲ್ಲ ಸಂಭ್ರಮಪಟ್ಟಿತು. ನಿನಗೆ ಒಪ್ಪಿಗೆಯೇ ಎಂದು ಮಾತ್ರ ಒಂದು ನರಪಿಳ್ಳೆಯೂ ಕೇಳಲಿಲ್ಲ. ಅವಳು ಸೀರೆ, ಬಳೆ ಎರಡನ್ನೂ ಮೂಲೆಗೆ ಕುಕ್ಕಿ ಎದ್ದು ಹೋದಳು.

ಆ ಸಂಜೆ ಹಿತ್ತಿಲಿನಲ್ಲಿ ಕೂತು ಕಡುಬಿಗೆ ಹಲಸಿನ ಎಲೆಯ ಕೊಟ್ಟೆ ಕಟ್ಟುತ್ತ ಅವಳು ಯೋಚಿಸಿದಳು. ಹೆಂಡತಿ ಎಂದರು, ಹೂಂ ಎಂದಳು. ವಿಧವೆ ಎಂದರು, ಅದಕ್ಕೂ ಹೂಂ ಎಂದಳು. ಗಂಡ ಬದುಕಿಯೇ ಇದ್ದ ಮೇಲೆ ಆ ವಿಧವೆ ಸುಳ್ಳಾದಳು. ಮದುವೆ ಮತ್ತೆ ಆಗಬೇಕು ಅಂದ ಮೇಲೆ ಹೆಂಡತಿಯೂ ಇಲ್ಲ. ಹಾಗಾದರೆ ಇಷ್ಟು ವರ್ಷ ಈ ಮನೆಯಲ್ಲಿ ಹಸಿದದ್ದು ಯಾರು? ದನ ಕರು ಹಾಕಿದ ದಿನ ಹಟ್ಟಿಯಲ್ಲಿ ಒಬ್ಬಳೇ ಕುಣಿದದ್ದು ಯಾರು? ಹೋಗಲಿ, ಈಗ ಸಿಟ್ಟು ಬಂದು ಕೂತಿರುವುದು ಯಾರಿಗೆ?

ನನಗೇ, ಮತ್ಯಾರಿಗೆ! ಯಾರ ಹೆಂಡತಿಯೂ ಅಲ್ಲದ, ಯಾರ ವಿಧವೆಯೂ ಅಲ್ಲದ ಒಬ್ಬಳು ಒಳಗೆ ಗಟ್ಟಿಯಾಗಿ ಕೂತೇ ಇದ್ದಳು. ಅವಳನ್ನು ಹುಟ್ಟಿಸುವುದಕ್ಕೆ ತುಪ್ಪ ಬೇಕಿರಲಿಲ್ಲ, ಸಾಯಿಸುವುದಕ್ಕೆ ದರ್ಭೆ ಸಾಲುತ್ತಿರಲಿಲ್ಲ. ಪಂಕಜಾಕ್ಷಿಗೆ ಎಷ್ಟೋ ಕಾಲದ ಮೇಲೆ ಜೀವಕ್ಕೆ ಹಾಯೆನಿಸಿತು.

ಮುಹೂರ್ತದ ಬೆಳಿಗ್ಗೆ ವೈಕುಂಠ ತುಪ್ಪ ಸುರಿಸಿಕೊಂಡು ಹುಟ್ಟಿದ. ಅವನ ಕಿವಿಯಲ್ಲಿ ಅವನದೇ ಹೆಸರು ಹೇಳಿದರು. ನರೆತ ಮೀಸೆ ಬೋಳಿಸಿಕೊಂಡ ವಟು ಅತ್ತಿಗೆಯ ಮುಂದೆ ಭಿಕ್ಷೆಗೆ ನಿಂತಾಗ ನೆಂಟರು ಮುಸಿಮುಸಿ ನಕ್ಕರು. ಆಮೇಲೆ ಭಟ್ಟರು ವಧುವನ್ನು ಕರೆಯಿರಿ ಎಂದರು. ಪಂಕಜಾಕ್ಷಿ ಮನೆಯಲ್ಲಿ ಉಡುವ ನೀಲಿ ಸೀರೆಯಲ್ಲೇ ಬಂದು ನಿಂತಳು.

"ಭಟ್ರೇ, ಸತ್ತದ್ದ್ ಅವ್ರ್. ನಾನ್ ಸತ್ತಿರ್ಲಿಲ್ಲ, ಇಲ್ಲೇ ಇದ್ದೆ. ನನ್ನ ಕೇಣ್ದೆ ನನ್ ಮದಿ ಹ್ಯಾಂಗೆ ಆತ್ತ್?"

ಭಟ್ಟರು ಪಂಚಾಂಗದ ಹಾಳೆ ತಿರುವತೊಡಗಿದರು. ಮುಹೂರ್ತ ಮೀರುತ್ತದೆ ಎಂದು ಪ್ರೇಮಾನಂದ ಗೊಣಗಿದ. ವೈಕುಂಠ ಮಾತ್ರ ಮಣೆಯಿಂದ ಎದ್ದು ಬಂದು, ಬಂದಾಗಿನಿಂದ ತಪ್ಪಿಸುತ್ತಿದ್ದ ಅವಳ ಮುಖವನ್ನು ನೇರವಾಗಿ ನೋಡಿದ. ಹೋಗುವಾಗಲೂ ಬರುವಾಗಲೂ ಕೇಳದ ಮಾತು ಈಗ ಬಾಯಿಗೆ ಬಂತು.

"ಹೋಪತಿಗೂ ಕೇಂಡಿಲ್ಲ, ಬಪ್ಪತಿಗೂ ಕೇಂಡಿಲ್ಲ. ಈಗ ಕೇಣ್ತೆ. ನನ್ನ ಮದಿ ಆತ್ಯಾ?"

ಪಂಕಜಾಕ್ಷಿಯ ಕಣ್ಣು ತುಂಬಿತು. ಅದರ ಹಿಂದೆಯೇ ತಡೆಯಲಾರದ ನಗು ಬಂತು.

"ನೀವ್ ಇವತ್ ಬೆಳಿಗ್ಗೆ ಹುಟ್ಟಿದ್ರಿ. ಮದಿಗೆ ಎಂತ ಅರ್ಜೆಂಟ್? ಚೂರ್ ದೊಡ್ಡಾಯ್ನಿ, ಮತ್ತೆ ಕೇಣಿ."

ಮೊದಲು ನಕ್ಕವನು ವೈಕುಂಠನೇ.