ಟಗರು ಮೈ ಕೊಡವಿದ್ದು

"ಕೊಯ್ಯೋದಾ? ಯಾರನ್ನ ಕೇಳಿ ಕೊಯ್ತೀರಿ?"

ಯಲ್ಲಕ್ಕನ ದನಿಗೆ ಕಂಪ್ಲಿ ಹೊಳೆದಂಡೆಯ ಬಂಗಲೆಯ ಪಾರಿವಾಳಗಳೆಲ್ಲ ಎದ್ದವು. ತಾಯಿ ಸತ್ತ ಮರಿಗೆ ಅವಳೇ ಆಡಿನ ಹಾಲು ಕುಡಿಸಿ, ಮಗ್ಗುಲಲ್ಲಿ ಮಲಗಿಸಿಕೊಂಡು ಬೆಳೆಸಿದ ಟಗರು ಅದು. ಬಂಗಲೆಯಲ್ಲಿ ಇಳಿದುಕೊಂಡಿದ್ದ ಮದ್ರಾಸಿನ ಡಾಕ್ಟರು ಅದರ ಕಿವಿ ಪರೀಕ್ಷೆ ಮಾಡಿ ವಾಪಸು ಕೊಡುತ್ತಾರೆಂದು ಕಂಪೌಂಡರ್ ಪಂಪಣ್ಣ ಹೊಡೆದುಕೊಂಡು ಹೋಗಿದ್ದ. ಇವತ್ತು ಬಿಡಿಸಿಕೊಂಡು ಹೋಗಲು ಬಂದರೆ ಅದರ ತಲೆಯ ಉಣ್ಣೆ ಬೋಳಿಸಿದ್ದರು. ಮೇಜಿನ ಮೇಲೆ ಕತ್ತರಿ, ಸಣ್ಣದೊಂದು ಗರಗಸ.

"ಕಿವಿ ನೋಡಿ ಕೊಡ್ತೀವಿ ಅಂದಿದ್ರಲ್ಲ, ಪಂಪಣ್ಣ?"

"ಕಿವಿ ನೋಡಿದ್ದು ಆತು, ಯಲ್ಲಕ್ಕ. ಈಗ ತಲಿ ಒಳಗ ನೋಡ್ಬೇಕಂತ. ಬದಲಿಗೆ ಬ್ಯಾರೆ ಮರಿ ಕೊಡಸ್ತೀನಿ, ಸುಮ್ಕಿರು."

ಡಾಕ್ಟರು ಕೆಟ್ಟವರೇನಲ್ಲ. ಕೆಟ್ಟವರಾಗಿದ್ದರೆ ಬೈದು ಕಳಿಸುತ್ತಿದ್ದರು. ಇವರು ಕುಳಿತು ಪಾಠ ಹೇಳಿದರು. ಮರದ ತುಂಡನ್ನು ಟಕ್ ಟಕ್ ಎಂದು ಒಂದೇ ಸಮ ಬಡಿದರೆ ಟಗರು ಮೊದಮೊದಲು ಕಿವಿ ನಿಮಿರಿಸುತ್ತದೆ, ಆಮೇಲೆ ಲಕ್ಷ್ಯವನ್ನೇ ಕೊಡುವುದಿಲ್ಲ. ನಡುವೆ ಫಕ್ಕನೆ ಕಂಚಿನ ತಾಟು ಬಡಿದರೆ ಬೆಚ್ಚುತ್ತದೆ.

"ಇದು ಬೇರೆ ಸದ್ದು ಅಂತ ಮೆದುಳಿಗೆ ಹೇಗೆ ತಿಳೀತದೆ? ಅದನ್ನ ನೋಡಬೇಕಮ್ಮ. ಮನುಷ್ಯರಿಗೇ ಉಪಯೋಗ."

ಯಲ್ಲಕ್ಕನ ಮೈ ಉರಿಯಿತು. ಕುರಿ ಕೊಯ್ದು ದೇವರಿಗೆ ಎಡೆ ಇಡುವ ಮನೆತನ ಅವಳದು. ಕತ್ತಿ ಕಂಡು ಅಳುವವಳಲ್ಲ. ಆದರೆ ದೇವರ ಮುಂದೆ ಕೂಡ ಕುರಿಯ ಬೆನ್ನಿಗೆ ನೀರು ಚಿಮುಕಿಸಿ, ಅದು ತಾನಾಗಿ ಮೈ ಕೊಡವುವ ತನಕ ಕಾಯುತ್ತಾರೆ. ಕೊಡವಿದರೆ ಒಪ್ಪಿತು ಎಂದರ್ಥ. ಅಲ್ಲಿಯ ತನಕ ಎಂಥವನೂ ಕತ್ತಿ ಎತ್ತುವಂತಿಲ್ಲ.

"ನೀರು ಹಾಕ್ತೀನ್ರಿ. ಮೈ ಕೊಡವಿದ್ರ ಕೊಯ್ಕಳ್ರಿ. ಇಲ್ಲಂದ್ರ ನನ್ನ ಟಗರು ನಂಗ ಬಿಡ್ರಿ."

ಡಾಕ್ಟರು ನಕ್ಕು ಒಪ್ಪಿದರು. ಯಲ್ಲಕ್ಕ ಚಂಬಿನಿಂದ ನೀರು ಚಿಮುಕಿಸಿದಳು. ಟಗರು ಅವಳ ಸೆರಗು ಮೂಸಿ ಸುಮ್ಮನೆ ನಿಂತಿತು. ಬೆನ್ನ ಮೇಲಿನ ನೀರು ಹೊಟ್ಟೆಗಿಳಿದು ನೆಲಕ್ಕೆ ತೊಟ್ಟಿಕ್ಕಿತು. ಡಾಕ್ಟರು ಗಡಿಯಾರ ನೋಡಿಕೊಂಡರು.

ಢಣ್!

ಹಿಂದಿನಿಂದ ಪಂಪಣ್ಣ ತಾಟು ಬಡಿದಿದ್ದ. ಟಗರು ಬೆಚ್ಚಿಬಿದ್ದು ಮೈಯೆಲ್ಲ ಕೊಡವಿತು.

"ನೋಡು, ಕೊಡವ್ತು! ನಿನ್ನ ಮಾತಿನಂಗ ಆತಲ್ಲ!"

ಸಿಟ್ಟು ಯಲ್ಲಕ್ಕನ ನೆತ್ತಿಗೇರಿತು. ಸುಳ್ಳು ಹೇಳಿ ಒಯ್ದದ್ದನ್ನಾದರೂ ನುಂಗಿಕೊಂಡಾಳು. ಮೂಕಪ್ರಾಣಿಯನ್ನು ಅಂಜಿಸಿ ಹೂಂ ಅನ್ನಿಸುವುದೇ? ಚಂಬಿನಲ್ಲಿ ಉಳಿದ ನೀರನ್ನೆಲ್ಲ ಪಂಪಣ್ಣನ ತಲೆಯ ಮೇಲೆ ಸುರಿದಳು. ಅವನು ಹೌಹಾರಿ ತಲೆ, ಮೈ ಎಲ್ಲ ಕೊಡವಿಕೊಂಡ.

"ಲೇ ಪಂಪ, ನೀನೂ ಕೊಡವಿದಿ. ಬಾ, ಮೇಜಿನ ಮ್ಯಾಲೆ ಮಲಕ್ಕ!"

ಡಾಕ್ಟರು ಈ ಸಲ ನಗಲಿಲ್ಲ. ಯಲ್ಲಕ್ಕ ಹಗ್ಗ ಬಿಚ್ಚಿದಳು, ಯಾರೂ ತಡೆಯಲಿಲ್ಲ.

ಹೊಳೆಯ ಹಾದಿಯಲ್ಲಿ ಯಾರದೋ ಗಾಡಿ ಎತ್ತಿನ ಗಂಟೆ ಘಲ್ ಎಂದಿತು. ಟಗರು ಗಕ್ಕನೆ ನಿಂತು ನಡುಗತೊಡಗಿತು. ಯಲ್ಲಕ್ಕ ಧೂಳಿನಲ್ಲೇ ಕುಳಿತು, ಅದರ ಎರಡೂ ಕಿವಿಗಳನ್ನು ಅಂಗೈಯಿಂದ ಮುಚ್ಚಿ, ಗಾಡಿ ದೂರವಾಗುವ ತನಕ ಹಿಡಿದುಕೊಂಡೇ ಇದ್ದಳು.