ಬೀಜದ ಗಡ್ಡೆಗೆ ಹಾಕಿದ ಮದ್ದು

ಗಂಡ ತೀರಿಕೊಂಡ ಮೇಲೂ ಕಾಶಿಬಾಯಿ ತವರಿಗೆ ಹೋಗದೆ ತಿಕೋಟಾದಲ್ಲೇ ಉಳಿದಿದ್ದಳು. ಮಾವ ಗುರಲಿಂಗಪ್ಪನ ಬಾವಿ ತೋಟವನ್ನು ಅತ್ತೆ ರೇಣುಕವ್ವನ ಜೊತೆ ಸೇರಿ ಆಕೆಯೇ ನೋಡಿಕೊಳ್ಳುತ್ತಿದ್ದಳು. ಒಂದು ಚಳಿಗಾಲ ಆಲೂಗಡ್ಡೆಗೆ ರೋಗ ಬಿತ್ತು. ಮೊಳಕೆಗಳು ಮಣ್ಣಿನೊಳಗೇ ಕಪ್ಪಾಗಿ ಸತ್ತವು. ಉಳಿದ ಗಿಡಗಳ ಗಡ್ಡೆಗಳ ಮೇಲೆಲ್ಲ ಕರೀ ಹಕ್ಕಳೆ.

ಮರುವರ್ಷ, ಅಂದರೆ ದೊಡ್ಡ ಯುದ್ಧ ಮುಗಿದ ವರ್ಷ, ರೇಣುಕವ್ವ ಸೊಸೆಯನ್ನು ಕರೆದುಕೊಂಡು ವಿಜಾಪುರಕ್ಕೆ ಹೋದಳು. ಸಿದ್ಧೇಶ್ವರ ಗುಡಿಯ ಹತ್ತಿರ ಬೇಸಾಯ ಖಾತೆಯ ಪ್ರಲ್ಹಾದ ಎಂಬವರು ಬೀಜದ ಗಡ್ಡೆಗೆ ಮದ್ದು ಮಾಡುವುದನ್ನು ತೋರಿಸುತ್ತಿದ್ದರು. ರೋಗ ಸಿಪ್ಪೆಗೇ ಅಂಟಿಕೊಂಡು ಬರುತ್ತದೆ, ಪಾದರಸದ ಮದ್ದು ಕಲಸಿದ ನೀರಿನಲ್ಲಿ ಗಡ್ಡೆ ನೆನೆಹಾಕಿ, ನೆರಳಲ್ಲಿ ಒಣಗಿಸಿ ನೆಡಬೇಕು ಎಂದರು. ಮದ್ದು ಲೋಹವನ್ನು ತಿನ್ನುತ್ತದೆ, ಮಣ್ಣಿನ ಬಾನಿಯೇ ಆಗಬೇಕು, ಇದು ವಿಷ, ಉಳಿದ ಗಡ್ಡೆಯನ್ನು ದನಕ್ಕೂ ಹಾಕಬೇಡಿ ಎಂದು ಒತ್ತಿ ಹೇಳಿದರು. ಅತ್ತೆ ಸೊಸೆ ಆ ಮದ್ದಿನ ಪುಡಿ ತಂದರು. ಗಂಡ ಬೇಡವೆಂದಾನೆಂದು ರೇಣುಕವ್ವ ಅವನಿಗೆ ಹೇಳಲಿಲ್ಲ.

ಕಾಶಿಬಾಯಿ ಹಿತ್ತಿಲಲ್ಲಿ ಗಡ್ಡೆ ನೆನೆಹಾಕಿದ್ದಾಗ ಗುರಲಿಂಗಪ್ಪ ಬಂದು ಬಾನಿಯೊಳಗೆ ಕೈ ಇಳಿಸಹೋದ. ಆಕೆ ಮಾವನೆಂಬುದನ್ನೂ ಮರೆತು ಅವನ ಕೈ ಹಿಡಿದಳು.

"ಮುಟ್ಟಬ್ಯಾಡ್ರಿ ಮಾವಾರ, ವಿಷ ಐತಿ."

ಮಗ ಸತ್ತ ಸಂಕಟ ಅವನೊಳಗೆ ಇನ್ನೂ ಆರಿರಲಿಲ್ಲ. ಓಣಿಯೆಲ್ಲ ಕೇಳುವಂತೆ ಅಂದುಬಿಟ್ಟ.

"ನನ್ನ ಮಗನ್ನ ನುಂಗಿ ಕುಂತಿ. ಈಗ ನಮಗೂ ವಿಷ ಇಡಾಕತ್ತಿಯೇನ?"

ಕಾಶಿಬಾಯಿ ಅತ್ತೆಯ ಕಡೆ ನೋಡಿದಳು. ರೇಣುಕವ್ವ ತಲೆ ತಗ್ಗಿಸಿದಳು. ಅವತ್ತೇ ಕಾಶಿಬಾಯಿ ಬಬಲೇಶ್ವರದ ಚಕ್ಕಡಿ ಹತ್ತಿ ಅಣ್ಣ ಸಂಗಮೇಶನ ಮನೆ ಸೇರಿದಳು.

ಗುರಲಿಂಗಪ್ಪ ನೆನೆದ ಗಡ್ಡೆಗಳನ್ನು ಕುಣಿ ತೋಡಿ ಮುಚ್ಚಿದ. ಪೇಟೆಯಿಂದ ಬೇರೆ ಬೀಜ ತಂದು ಹಾಗೇ ನೆಟ್ಟ. ಮತ್ತೆ ಅದೇ ಕಪ್ಪು, ಅದೇ ಕೊಳೆ. ಬದುವಿನಾಚೆ ಹುಸೇನಸಾಬನ ಹೊಲದಲ್ಲಿ ಮಾತ್ರ ಗಿಡಗಳು ಸಾಲುಸಾಲಾಗಿ ಹಸಿರಾಗಿದ್ದವು. ಏನು ಮಾಡಿದಿ ಎಂದು ಕೇಳಿದಾಗ ಅವನು ಪ್ರಲ್ಹಾದರ ಮದ್ದಿನ ವಿಷಯ ಹೇಳಿದ.

ಮನೆಗೆ ಬಂದು ಇದನ್ನು ಹೇಳಿದ ಗಂಡನ ಮುಂದೆ ರೇಣುಕವ್ವ ಅತ್ತುಬಿಟ್ಟಳು.

"ಆ ಮದ್ದ ನಾನ ತರಿಸಿದ್ದೆ. ಅವತ್ತ ಹೇಳಬೇಕಿತ್ತು, ನಾಲಗಿ ಏಳಲಿಲ್ಲ."

ಮರುದಿನವೇ ಗುರಲಿಂಗಪ್ಪ ಬಬಲೇಶ್ವರಕ್ಕೆ ಹೋದ. ಸಂಗಮೇಶ ಕಂಬಳಿ ಹಾಸಿದ. ಕಾಶಿಬಾಯಿ ನೀರು ಬೆಲ್ಲ ತಂದಿಟ್ಟಳು. ಅವನು ಬೆಲ್ಲ ಮುಟ್ಟದೆ, ತಪ್ಪಾಯಿತು, ಮನೆಗೆ ನಡಿ, ನಿಮ್ಮತ್ತಿನೂ ಹಾದಿ ಕಾಯುತ್ತಿದ್ದಾಳೆ ಎಂದ. ಆಕೆ ಕೇಳಿದಳು.

"ನಿಮ್ಮ ಬೆಳಿ ಛಲೋ ಬಂದಿದ್ರ, ಇವತ್ತ ಇಲ್ಲಿಗಿ ಬರ್ತಿದ್ರೇನ್ರಿ ಮಾವಾರ?"

ಬರುತ್ತಿದ್ದೆ ಎನ್ನಲು ಅವನು ಬಾಯಿ ತೆರೆದ. ಅದು ಸುಳ್ಳೆಂದು ತನಗೇ ಅನಿಸಿ ನೀರಿನ ತಂಬಿಗೆ ಎತ್ತಿಕೊಂಡ. ಆಕೆ ಸಿಟ್ಟೇನೂ ಮಾಡಲಿಲ್ಲ, ಅವನ ಜೊತೆ ಹೊರಡಲೂ ಇಲ್ಲ. ಊಟ ಮಾಡಿಸಿ, ಮದ್ದು ಕಲಸುವ ರೀತಿಯನ್ನು ನಿಧಾನವಾಗಿ ತಿಳಿಸಿ ಕಳಿಸಿದಳು.

ಮುಂದಿನ ವರ್ಷ ಗಂಡ ಹೆಂಡತಿ ತಾವೇ ಗಡ್ಡೆ ನೆನೆಹಾಕಿದರು. ಬೆಳೆ ಚೊಕ್ಕಟವಾಗಿ ಬಂತು. ನೋಡಲು ಬಂದವರಿಗೆ ಗುರಲಿಂಗಪ್ಪ ಇದು ನಮ್ಮ ಸೊಸೆ ಕಲಿಸಿದ್ದು ಎನ್ನುತ್ತಿದ್ದ. ಆಕೆ ಎಲ್ಲಿ ಎಂದು ಯಾರಾದರೂ ಕೇಳಿದರೆ ರೇಣುಕವ್ವ ಎದ್ದು ಒಳಗೆ ಹೋಗುತ್ತಿದ್ದಳು.